ಫೈನಲ್‌ನ್ಯಾಗ ಆಡಾಂವ ಯಾರು?

ಮಹಾಕೂಟದಿಂದ ಬಾದಾಮಿ ಕಡೆಗೋ ಪಟ್ಟದಕಲ್ಲಿನ ಕಡೆಗೋ ಹೊರಟರೆ ದಾರಿಯ ಊರುಗಳ ಕಟ್ಟೆಗಳಲ್ಲಿ ಕಬಡ್ಡಿಯ ಮಾತಿಗೆ ಬರವಿಲ್ಲ. 2014ರಲ್ಲಿ ಪ್ರೊ ಕಬಡ್ಡಿ ಟಿ.ವಿ.ಗೆ ಬಂದ ಮೇಲೆ ಆ ಮಾತಿಗೆ ಪರ್ದೀಪ್, ಪವನ್, ನವೀನ್ ಎಂಬ ಹೆಸರುಗಳೂ ಸೇರಿಕೊಂಡವು. ಎಷ್ಟು ಸಲ ಆಡಿದರೂ ತೀರದ ವಾದ ಒಂದೇ: ‘ಲೀಗಿನ್ಯಾಗ ಯಾರರೆ ಆಡ್ತಾರ, ಫೈನಲ್‌ನ್ಯಾಗ ಆಡಾಂವ ಯಾರು?’

ಪರ್ದೀಪ್ ನರ್ವಾಲ್ ಪರ ನಿಲ್ಲುವವರ ಬಳಿ ದೊಡ್ಡ ಅಂಕಿಗಳಿವೆ. 2017ರ ಎಲಿಮಿನೇಟರ್‌ನಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ ಆತ ಒಬ್ಬನೇ 34 ರೈಡ್ ಪಾಯಿಂಟ್ ತಂದ. ಆತನ ತಂಡ ಪಟ್ನಾ 69–30ರಿಂದ ಗೆದ್ದಿತು. ಅದೇ ವರ್ಷದ ಫೈನಲ್‌ನಲ್ಲಿ ಮತ್ತೆ 19. ಆದರೆ 39 ಪಾಯಿಂಟ್ ಅಂತರದ ಗೆಲುವಿನಲ್ಲಿ ಒತ್ತಡ ಎಷ್ಟು ಹೊತ್ತು ಉಳಿದೀತು? ಅಲ್ಲಿ ಕಂಡದ್ದು ಪರ್ದೀಪನ ಬಲ. ಎದೆಗಾರಿಕೆಯ ಪರೀಕ್ಷೆ ತಂಡ ಹಿಂದೆ ಬಿದ್ದಾಗಲೇ ಶುರುವಾಗುವುದು.

2019ರ ಜನವರಿ 5, ಮುಂಬೈ. ಬನಶಂಕರಿ ಜಾತ್ರೆಗೆ ಇನ್ನು ಎರಡು ವಾರ. ಬೆಂಗಳೂರು ಬುಲ್ಸ್ ಗುಜರಾತ್ ಎದುರು ಫೈನಲ್‌ನಲ್ಲಿತ್ತು. 2015ರಲ್ಲಿ ಯು ಮುಂಬಾ ಎದುರು 36–30ರಿಂದ ಸೋತ ನೋವು ಬೆನ್ನಿಗಿತ್ತು. ಅರ್ಧ ಆಟ ಮುಗಿದಾಗ ಗುಜರಾತ್ 16, ಬುಲ್ಸ್ 9. ಇಂಥ ಹೊತ್ತಿನಲ್ಲಿ ರೈಡರ್‌ಗೆ ಎರಡು ದಾರಿ. ಒಂದು, ಲಾಬಿಯ ಅಂಚಿನಲ್ಲಿ ಸುಳಿದು ಬರಿಗೈಲಿ ವಾಪಸಾಗುವುದು. ಸತತ ಎರಡು ರೈಡ್ ಬರಿದಾದರೆ ಮೂರನೆಯದು ‘ಮಾಡು ಇಲ್ಲವೇ ಮಡಿ’. ಪಾಯಿಂಟ್ ತರದಿದ್ದರೆ ಔಟು. ಇನ್ನೊಂದು, ಮೂವತ್ತೇ ಸೆಕೆಂಡಿನಲ್ಲಿ ಕಾರ್ನರ್ ಮತ್ತು ಕವರ್‌ಗಳ ನಡುವೆ ನುಗ್ಗಿಬಿಡುವುದು. ಪವನ್ ಸೆಹ್ರಾವತ್ ನುಗ್ಗಿದ. ಆ ರಾತ್ರಿ 22 ರೈಡ್ ಪಾಯಿಂಟ್ ತಂದ. ಬುಲ್ಸ್ 38–33ರಿಂದ ಗೆದ್ದು ಮೊದಲ ಸಲ ಕಪ್ ಎತ್ತಿತು. ತಂಡದ ಒಟ್ಟು ಗಳಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಒಬ್ಬನೇ ಹುಡುಗನದು!

ನವೀನ್ ಕುಮಾರ್‌ನನ್ನು ‘ಫೈನಲ್‌ನಲ್ಲಿ ಸೋತವ’ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 2019ರ ಅಕ್ಟೋಬರ್ 19ರಂದು ಅಹಮದಾಬಾದಿನ ಫೈನಲ್‌ನಲ್ಲಿ ಆತನ ತಂಡ ದಬಂಗ್ ದೆಲ್ಲಿ ಬೆಂಗಾಲ್ ವಾರಿಯರ್ಸ್ ಎದುರು 34–39ರಿಂದ ಸೋತಾಗ ಆತ 18 ಪಾಯಿಂಟ್ ತಂದಿದ್ದ. ಸೋತದ್ದು ತಂಡ. 2022ರ ಫೆಬ್ರುವರಿಯಲ್ಲಿ ಬೆಂಗಳೂರಿನ ಫೈನಲ್‌ನಲ್ಲಿ ಅದೇ ದೆಲ್ಲಿ ಪಟ್ನಾವನ್ನು 37–36ರಿಂದ, ಒಂದೇ ಪಾಯಿಂಟಿನಿಂದ ಮಣಿಸಿತು.

ನಮ್ಮ ಕಟ್ಟೆಯ ವಾದಗಳಲ್ಲಿ ತೀರಾ ಕಡಿಮೆ ಕೇಳುವ ಹೆಸರು ಕರಾವಳಿಯ ಸುಕೇಶ್ ಹೆಗ್ಡೆ. ಅಹಮದಾಬಾದಿನ ಆ ಫೈನಲ್‌ಗೆ ಬೆಂಗಾಲ್ ವಾರಿಯರ್ಸ್‌ನ ನಾಯಕ ಮಣಿಂದರ್ ಸಿಂಗ್ ಗಾಯದಿಂದ ಹೊರಗಿದ್ದ. ಆರಂಭದಲ್ಲೇ ತಂಡ ಹಿಂದೆ ಬಿತ್ತು. ಇರಾನಿನ ನಬಿಬಕ್ಷ್ ಒಂದು ಕಡೆ ನಿಂತರೆ ಇನ್ನೊಂದು ಕಡೆ ನಿಂತವನು ಸುಕೇಶ್. 8 ಪಾಯಿಂಟ್ ತಂದ. 2017ರಲ್ಲಿ ಗುಜರಾತ್ ತಂಡದಲ್ಲಿದ್ದು ಫೈನಲ್ ಸೋತವನಿಗೆ ಆ ಕಪ್ ದಕ್ಕಿತು. ಕೋಚ್ ಕೂಡ ಕನ್ನಡಿಗರೇ, ಬಿ.ಸಿ. ರಮೇಶ್. ಬುಲ್ಸ್ ಕಪ್ ಗೆದ್ದಾಗಲೂ ಅವರು ತರಬೇತಿ ಬಳಗದಲ್ಲಿದ್ದರು. ಮುಂದೆ ಪುಣೇರಿ ಪಲ್ಟನ್‌ಗೂ ಪ್ರಶಸ್ತಿ ಕೊಡಿಸಿದರು.

ಹಿಂದೆ ಬಿದ್ದ ತಂಡವನ್ನು ಫೈನಲ್ ದಿನ ಒಬ್ಬನೇ ಎತ್ತಿ ನಿಲ್ಲಿಸಿದವರಲ್ಲಿ ನನ್ನ ಮೊದಲ ಸ್ಥಾನ ಪವನ್‌ಗೇ. ಆದರೆ ನಾಯಕನಿಲ್ಲದ ದಿನ ನಂಬಿ ಅಂಕಣಕ್ಕಿಳಿಸಬಹುದಾದ ರೈಡರ್ ಯಾರೆಂದು ಕೇಳಿದರೆ ಸುಕೇಶ್ ಹೆಗ್ಡೆಯ ಹೆಸರನ್ನೇ ಹೇಳುತ್ತೇನೆ.