ಮೀನಿಗೆ ಮೂಲಿಕೆ ಹಾಕುವ ಮೊದಲು ತೌಡು ನೋಡಿ

ಮಾನ್ವಿ ತಾಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಮೇಲೆ ನನ್ನ ಭತ್ತದ ಬೇಸಾಯ. ಜವುಳು ಹಿಡಿದಿದ್ದ ಅರ್ಧ ಎಕರೆ ಅಗೆಸಿ, ಕೆರೆ ಮಾಡಿ, ಕಾಟ್ಲಾ ಮತ್ತು ರೋಹು ಬಿಟ್ಟೆ. ಮೇವು ರೈಸ್ ಮಿಲ್ಲಿನ ತೌಡು, ಜತೆಗೆ ಶೇಂಗಾ ಹಿಂಡಿ. ಎರಡನೇ ಬೇಸಿಗೆಯಲ್ಲಿ ದಿನಾ ನಾಲ್ಕೈದು ಮೀನು ಸತ್ತು ತೇಲತೊಡಗಿದವು. ಗಾಯವಿಲ್ಲ, ನೋಡಲು ದಷ್ಟಪುಷ್ಟ!

ರಾಯಚೂರಿನ ಅಂಗಡಿಯೊಂದರಲ್ಲಿ ಗಿಡಮೂಲಿಕೆಯ ಲಿವರ್ ಟಾನಿಕ್ ಕೊಟ್ಟರು. ಯಾವ ಗಿಡ, ಎಷ್ಟು ಅಂತ ಡಬ್ಬಿಯ ಮೇಲೆ ಬರೆದಿರಲಿಲ್ಲ. ಎರಡು ಡಬ್ಬಿ ಮುಗಿದರೂ ಸಾವು ನಿಲ್ಲಲಿಲ್ಲ.

ದೇವದುರ್ಗದಲ್ಲಿ ಕೃಷಿ ಹೊಂಡದಲ್ಲಿ ಮೀನು ಸಾಕುವ ನಮ್ಮ ಅಕ್ಕನ ಗಂಡ ಬಂದವರು, "ಟಾನಿಕ್ ಇರ್ಲಿ ತಮ್ಮಾ, ಮೊದ್ಲು ಒಂದರ ಹೊಟ್ಟಿ ಸೀಳಿ ನೋಡು" ಅಂದರು. ಆಗಷ್ಟೇ ಸತ್ತ ರೋಹು ಸೀಳಿದೆವು. ಈ ಜಾತಿಯ ಮೀನಿನಲ್ಲಿ ಲಿವರ್ ಒಂದೇ ಗಡ್ಡೆಯಾಗಿರದೆ ಕರುಳಿನ ಸುರುಳಿಗಳ ನಡುವೆ ಹರಡಿರುತ್ತದೆ. ಕೆಂಪು ಕಂದು ಇರಬೇಕಾದದ್ದು ಹಳದಿ ತಿರುಗಿತ್ತು. ಕರುಳ ಸುತ್ತ ಕೊಬ್ಬು, ಮುಟ್ಟಿದರೆ ಕೈಗೆ ಜಿಡ್ಡು.

ಕೊಬ್ಬು ಎಲ್ಲಿಂದ ಬಂತು?

ತೌಡಿನಲ್ಲಿ ಪಿಷ್ಟವೂ ಇದೆ, ಎಣ್ಣೆಯೂ ಇದೆ. ಮೀನು ತನಗೆ ಬೇಕಾದಷ್ಟು ಬಳಸಿ ಉಳಿದದ್ದನ್ನು ಕೊಬ್ಬಾಗಿ ಕೂಡಿಡುತ್ತದೆ. ಇನ್ನೊಂದು ತೊಂದರೆ: ಮಿಲ್ಲಿನಿಂದ ಹೊರಬಿದ್ದ ಕೆಲವೇ ಗಂಟೆಗಳಲ್ಲಿ ತೌಡಿನ ಎಣ್ಣೆ ಕೆಡಲು ಶುರುವಾಗುತ್ತದೆ. ನಾನೋ ಅಗ್ಗಕ್ಕೆ ಸಿಕ್ಕಿತೆಂದು ಎರಡು ತಿಂಗಳ ತೌಡು ತಗಡಿನ ಶೆಡ್ಡಿನಲ್ಲಿ ಒಟ್ಟಿದ್ದೆ. ಕಮಟು ವಾಸನೆ ಬರುತ್ತಿತ್ತು, ಲೆಕ್ಕಿಸಲಿಲ್ಲ. ಬೂಷ್ಟು ಹಿಡಿದ ಶೇಂಗಾ ಹಿಂಡಿಯ ವಿಷವೂ ನೇರ ಲಿವರಿಗೇ ಪೆಟ್ಟು ಕೊಡುತ್ತದೆ.

ಹಾಗಾದರೆ ಮೂಲಿಕೆ ಸುಳ್ಳೇ?

ಸುಳ್ಳಲ್ಲ. ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾ ಕೇಂದ್ರದವರು ಕಿಲೋ ಮೇವಿಗೆ 1, 5 ಮತ್ತು 10 ಗ್ರಾಂ ಬೆಳ್ಳುಳ್ಳಿ ಸೇರಿಸಿ ರೋಹುವಿಗೆ ಕೊಟ್ಟು ನೋಡಿದ್ದಾರೆ (2007). ರೋಗಾಣು ಚುಚ್ಚಿದಾಗ ಬೆಳ್ಳುಳ್ಳಿ ತಿಂದ ಮೀನು ಹೆಚ್ಚು ಬದುಕಿದವು. ನಮ್ಮ ಬದುವಿನ ಉತ್ತರಾಣಿಯ ಬೀಜಕ್ಕೂ ಇಂಥ ಗುಣ ಇರುವುದನ್ನು ದೆಹಲಿ ವಿಶ್ವವಿದ್ಯಾಲಯದವರು ಕಂಡಿದ್ದಾರೆ. ಬೆಳ್ಳುಳ್ಳಿ, ಅರಿಶಿನ ಕೊಟ್ಟಾಗ ರಕ್ತದ ಕೊಬ್ಬು, ಸಕ್ಕರೆ ಇಳಿದ ಪ್ರಯೋಗಗಳೂ ಬೇರೆ ಬೇರೆ ಮೀನುಗಳಲ್ಲಿ ಆಗಿವೆ. ಆದರೆ ಇವೆಲ್ಲ ಹೆಚ್ಚಾಗಿ ತೊಟ್ಟಿಯಲ್ಲಿ, ಒಳ್ಳೆಯ ಮೇವಿನ ಜತೆ, ಅಳೆದು ಕೊಟ್ಟು ಮಾಡಿದವು. ಕೆಟ್ಟ ತೌಡಿಗೆ ಮೂಲಿಕೆ ಬೆರೆಸಿದರೆ ತೌಡು ಒಳ್ಳೆಯದಾಗುವುದಿಲ್ಲ.

ನಾನು ಮಾಡಿದ್ದು

ತೌಡು ಈಗ ವಾರಕ್ಕೆ ಬೇಕಾದಷ್ಟೇ ತರುತ್ತೇನೆ. ಆದಷ್ಟು ಎಣ್ಣೆ ತೆಗೆದ ತೌಡು. ತಿಂಗಳಿಗೊಮ್ಮೆ ಬಲೆ ಬೀಸಿ, ಕೆಲವು ಮೀನು ತೂಗಿ, ಒಟ್ಟು ತೂಕ ಅಂದಾಜು ಮಾಡಿ 100 ಕಿಲೋ ಮೀನಿಗೆ ದಿನಕ್ಕೆ 2 ಕಿಲೋ ಮೇವು. ರಂಧ್ರ ಮಾಡಿದ ಚೀಲದಲ್ಲಿ ಕಟ್ಟಿ ಇಳಿಬಿಡುತ್ತೇನೆ. ಸಂಜೆ ಚೀಲದಲ್ಲಿ ಉಳಿದಿದ್ದರೆ ಮರುದಿನ ಕಡಿಮೆ.

ತಿಂಗಳಲ್ಲಿ ಒಂದು ವಾರ, 10 ಕಿಲೋ ಮೇವಿಗೆ 50 ಗ್ರಾಂ ಬೆಳ್ಳುಳ್ಳಿ ಜಜ್ಜಿ, ಗಂಜಿಯಲ್ಲಿ ಕಲಸಿ, ಅಂದೇ ಹಾಕುತ್ತೇನೆ. ಹೆಚ್ಚು ಹಾಕಿದರೆ ಹೆಚ್ಚು ಗುಣ ಅಂದುಕೊಳ್ಳಬೇಡಿ. ಬೇವಂತೂ ಪ್ರಮಾಣ ಮೀರಿದರೆ ಮೀನಿಗೇ ವಿಷ. ಸೊಪ್ಪು ತಂದು ನೀರಿಗೆ ಸುರಿಯಬೇಡಿ.

ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಲಿವರ್ ಅಲ್ಲ, ನೀರಿನಲ್ಲಿ ಗಾಳಿ ಸಾಲದು. ಮೇವು ನಿಲ್ಲಿಸಿ ಹೊಸ ನೀರು ಬಿಡಿ.

ಮೂರು ವಾರದಲ್ಲಿ ಸಾವು ನಿಂತಿತು. ಬೆಳ್ಳುಳ್ಳಿಯಿಂದಲೋ ಹೊಸ ತೌಡಿನಿಂದಲೋ? ಎರಡನ್ನೂ ಒಟ್ಟಿಗೆ ಬದಲಿಸಿದ್ದರಿಂದ ನಾನು ಹೇಳಲಾರೆ. ಮಾವ ಮಾತ್ರ ಬೆಳ್ಳುಳ್ಳಿ ಹಾಕದೆ, ತೌಡು ಬದಲಿಸಿಯೇ ಮೀನು ಉಳಿಸಿಕೊಂಡಿದ್ದಾರೆ. ಆದ್ದರಿಂದ ಡಬ್ಬಿಗೆ ದುಡ್ಡು ಕೊಡುವ ಮುನ್ನ ತೌಡಿನ ಚೀಲ ಬಿಚ್ಚಿ ಮೂಸಿ ನೋಡಿ. ಸತ್ತ ಮೀನನ್ನು ಎಸೆಯುವ ಮುನ್ನ ಸೀಳಿ ನೋಡಿ.