ಕ್ಷಾಮಾನಂತರದ ಮರಣಗಳೂ ರಕ್ತದಲ್ಲಿನ ಫಾಸ್ಫೇಟಿನ ಇಳಿಕೆಯೂ

ಕ್ಷಾಮದ ದಾಖಲೆಗಳನ್ನು ಓದುವ ಇತಿಹಾಸದ ವಿದ್ಯಾರ್ಥಿಯನ್ನು ಒಂದು ಸಂಗತಿಯು ಪದೇ ಪದೇ ತಡೆದು ನಿಲ್ಲಿಸುತ್ತದೆ. ಅನ್ನವಿಲ್ಲದೆ ಜನರು ಸತ್ತರೆಂಬುದರಲ್ಲಿ ಅರ್ಥವಾಗದಿರುವಂಥದು ಏನೂ ಇಲ್ಲ. ಆದರೆ ಅನ್ನವು ದೊರೆತ ಮೇಲೆ, ಅದೂ ದೊರೆತ ಕೆಲವೇ ದಿನಗಳೊಳಗಾಗಿ, ಸತ್ತವರೂ ಉಂಟು. ಕ್ರಿ. ಶ. 70ರಲ್ಲಿ ರೋಮನ್ ಸೈನ್ಯವು ಜೆರೂಸಲೇಮ್ ನಗರವನ್ನು ಮುತ್ತಿದ್ದಾಗ, ಹಸಿವನ್ನು ತಾಳಲಾರದೆ ಕೋಟೆಯಿಂದ ಹೊರಬಿದ್ದ ಜನರು ಶತ್ರುಗಳ ಪಾಳೆಯದಲ್ಲಿ ಆಹಾರವನ್ನು ಕಂಡೊಡನೆ ಮಿತಿಮೀರಿ ತಿಂದು ಪ್ರಾಣ ಬಿಟ್ಟರೆಂದೂ, ತಿಳಿದವರಾಗಿದ್ದು ಸ್ವಲ್ಪಸ್ವಲ್ಪವಾಗಿ ಉಂಡವರು ಉಳಿದುಕೊಂಡರೆಂದೂ ಸಮಕಾಲೀನ ಚರಿತ್ರಕಾರನಾದ ಜೋಸೀಫಸನು ಬರೆದಿಟ್ಟಿದ್ದಾನೆ. ಹೊಟ್ಟೆ ಬಿರಿದು ಸತ್ತರೆಂಬುದು ಅವನ ವಿವರಣೆ. ಬಹು ಶತಮಾನಗಳ ಕಾಲ ಇದಕ್ಕಿಂತ ಉತ್ತಮವಾದ ವಿವರಣೆಯು ಯಾರಲ್ಲಿಯೂ ಇರಲಿಲ್ಲವೆಂದರೆ ಹೆಚ್ಚು ತಪ್ಪಾಗಲಾರದು.

ಇಂದಿನ ವೈದ್ಯಶಾಸ್ತ್ರವು ಉತ್ತರವನ್ನು ಹುಡುಕುವುದು ಹೊಟ್ಟೆಯಲ್ಲಲ್ಲ, ರಕ್ತದಲ್ಲಿ. ದೀರ್ಘಕಾಲ ಆಹಾರವಿಲ್ಲದಿದ್ದ ದೇಹಕ್ಕೆ ಒಮ್ಮೆಲೇ ಯಥೇಚ್ಛವಾಗಿ ಆಹಾರವು ಬಂದಾಗ, ರಕ್ತದಲ್ಲಿರುವ ಫಾಸ್ಫೇಟಿನ ಪ್ರಮಾಣವು ಕುಸಿಯುತ್ತದೆ. ಆ ಕುಸಿತವು ಹೃದಯವನ್ನೂ ಉಸಿರಾಟದ ಸ್ನಾಯುಗಳನ್ನೂ ಸೋಲಿಸಬಲ್ಲದು. ಈ ಲೇಖಕನು ವೈದ್ಯನಲ್ಲ, ಇತಿಹಾಸದ ಅಧ್ಯಾಪಕ. ಆದರೆ ನಮ್ಮ ನಾಡಿನ ಕ್ಷಾಮಗಳ ಮರಣಗಳನ್ನು ಅರ್ಥೈಸುವಲ್ಲಿ ಈ ತಿಳುವಳಿಕೆಯು ಉಪಯೋಗಕ್ಕೆ ಬರಬಹುದಾದಂತೆ ದುರುಪಯೋಗಕ್ಕೂ ಗುರಿಯಾಗಬಹುದು. ಆದಕಾರಣ ಇತಿಹಾಸದವರು ಇದನ್ನು ಸರಿಯಾಗಿ ತಿಳಿದಿರುವುದು ಅವಶ್ಯ.

ರಂಜಕವೆಂಬ ಮೂಲಧಾತುವನ್ನು 1669ರಲ್ಲಿ ಹ್ಯಾಂಬರ್ಗಿನ ರಸವಾದಿ ಹೆನ್ನಿಗ್ ಬ್ರಾಂಡ್ ಎಂಬಾತನು, ಚಿನ್ನವನ್ನು ಪಡೆಯುವ ಆಸೆಯಿಂದ ಮೂತ್ರವನ್ನು ಕಾಯಿಸುತ್ತ ಹೋಗಿ, ಅಕಸ್ಮಾತ್ತಾಗಿ ಕಂಡನು. ಈ ರಂಜಕವು ಆಮ್ಲಜನಕದೊಡನೆ ಕೂಡಿದ ರೂಪವೇ ಫಾಸ್ಫೇಟು. ವಯಸ್ಕನೊಬ್ಬನ ದೇಹದಲ್ಲಿ ಸುಮಾರು 700 ಗ್ರಾಂ ರಂಜಕವಿದ್ದು, ಅದರಲ್ಲಿ ನೂರಕ್ಕೆ 85 ಪಾಲು ಎಲುಬು ಹಲ್ಲುಗಳಲ್ಲಿಯೇ ಸೇರಿರುತ್ತದೆ. ಉಳಿದುದರಲ್ಲಿ ಬಹುಭಾಗವು ಜೀವಕೋಶಗಳ ಒಳಗಿದೆ. ರಕ್ತದಲ್ಲಿಯೂ ಕೋಶಗಳ ಹೊರಗಿನ ಇತರ ದ್ರವಗಳಲ್ಲಿಯೂ ಇರುವುದು ನೂರರಲ್ಲಿ ಒಂದು ಪಾಲು ಮಾತ್ರ. ಪೇಟೆಯಲ್ಲಿ ಓಡಾಡುವ ನಾಣ್ಯವನ್ನು ನೋಡಿ ರಾಜ್ಯದ ಬೊಕ್ಕಸವು ತುಂಬಿದೆಯೋ ಬರಿದಾಗಿದೆಯೋ ಎಂದು ಹೇಳಲಾಗದಷ್ಟೆ. ರಕ್ತಪರೀಕ್ಷೆಯ ಅಂಕಿಯನ್ನು ಓದುವಾಗಲೂ ಈ ಎಚ್ಚರವಿರಬೇಕು. ಸಾಮಾನ್ಯವಾಗಿ 100 ಮಿಲಿಲೀಟರು ರಕ್ತದ್ರವದಲ್ಲಿ, ರಂಜಕದ ಲೆಕ್ಕದಲ್ಲಿ, 2.5ರಿಂದ 4.5 ಮಿಲಿಗ್ರಾಂ ಇರುತ್ತದೆ. 2.5ಕ್ಕಿಂತ ಕಡಿಮೆಯಾದರೆ ಇಳಿಕೆಯೆಂದೂ, 1ಕ್ಕಿಂತ ಕಡಿಮೆಯಾದರೆ ತೀವ್ರವಾದ ಇಳಿಕೆಯೆಂದೂ ಎಣಿಕೆ.

ಈ ಅಳತೆಯ ಇತಿಹಾಸದಲ್ಲಿ ನಮ್ಮ ನೆರೆಯ ಸೀಮೆಯವರೊಬ್ಬರ ಹೆಸರಿದೆ. 1895ರಲ್ಲಿ ಭೀಮಾವರದಲ್ಲಿ ಹುಟ್ಟಿ, ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾಯರು, ಸೈರಸ್ ಫಿಸ್ಕೆ ಎಂಬವರೊಡನೆ ಕೂಡಿ, ದ್ರವಗಳಲ್ಲಿರುವ ರಂಜಕವನ್ನು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. ಆ ವಿಧಾನವನ್ನು ಇವರಿಬ್ಬರ ಹೆಸರಿನಿಂದಲೇ ಕರೆಯುವ ರೂಢಿ ಇಂದಿಗೂ ಇದೆ. 1929ರಲ್ಲಿ ಜೀವಕೋಶಗಳ ಶಕ್ತಿಯ ಚಲಾವಣೆಯ ನಾಣ್ಯವೆನ್ನಬಹುದಾದ ಎ.ಟಿ.ಪಿ. ಎಂಬ ವಸ್ತುವನ್ನು ಜರ್ಮನಿಯ ಲೋಮನ್ ಕಂಡುಹಿಡಿದಾಗ, ಸ್ವತಂತ್ರವಾಗಿ ಅದನ್ನೇ ಕಂಡವರೂ ಇವರಿಬ್ಬರು. ಆ ವಸ್ತುವಿನ ಒಂದೊಂದು ಅಣುವಿನಲ್ಲಿಯೂ ಮೂರು ಫಾಸ್ಫೇಟುಗಳಿವೆ. ಫಾಸ್ಫೇಟಿಲ್ಲದೆ ಸ್ನಾಯುವು ಏಕೆ ಸೋಲುತ್ತದೆಂಬುದಕ್ಕೆ ಇದೇ ಉತ್ತರ.

ಉಪವಾಸದಲ್ಲಿ ನಡೆಯುವುದೇನೆಂದರೆ: ಹೊರಗಿನಿಂದ ಸಕ್ಕರೆಯಾಗಲಿ ಪಿಷ್ಟವಾಗಲಿ ಬಾರದಿರುವಾಗ ದೇಹವು ತನ್ನ ಕೊಬ್ಬನ್ನೂ ಮಾಂಸವನ್ನೂ ಕರಗಿಸಿಕೊಂಡು ಬದುಕುತ್ತದೆ. ಇನ್ಸುಲಿನ್ನಿನ ಸ್ರಾವವು ತಗ್ಗುತ್ತದೆ. ಕೋಶಗಳೊಳಗಿನ ಫಾಸ್ಫೇಟು ವಾರಗಟ್ಟಲೆ ಸೋರಿ ಮೂತ್ರದಲ್ಲಿ ಹೋಗುತ್ತಿದ್ದರೂ ರಕ್ತದಲ್ಲಿನ ಅಂಕಿಯು ಬಹುಮಟ್ಟಿಗೆ ಸಹಜವಾಗಿಯೇ ತೋರುತ್ತಿರುತ್ತದೆ. ಬೊಕ್ಕಸವು ಬರಿದಾಗಿದ್ದು ಪೇಟೆಯಲ್ಲಿ ಮಾತ್ರ ನಾಣ್ಯವು ಓಡುತ್ತಿರುವ ಸ್ಥಿತಿ ಇದು. ಹೀಗಿರುವಾಗ ಅನ್ನವೋ ಸಕ್ಕರೆಯೋ ಧಾರಾಳವಾಗಿ ಬಂದರೆ, ಇನ್ಸುಲಿನ್ ಒಮ್ಮೆಲೇ ಏರುತ್ತದೆ. ಕೋಶಗಳು ಗ್ಲೂಕೋಸನ್ನು ಎಳೆದುಕೊಳ್ಳುತ್ತವೆ. ಅದನ್ನು ಉರಿಸಲು ಬೇಕಾದ ಫಾಸ್ಫೇಟನ್ನೂ ಅದರ ಜೊತೆಗೆ ಪೊಟ್ಯಾಸಿಯಂ ಮ್ಯಾಗ್ನೀಸಿಯಂಗಳನ್ನೂ ರಕ್ತದಿಂದಲೇ ಸೆಳೆಯುತ್ತವೆ. ರಕ್ತದಲ್ಲಿದ್ದ ಆ ಅಲ್ಪವು ಒಂದೆರಡು ದಿನಗಳಲ್ಲಿ ಬತ್ತುತ್ತದೆ. ಥಯಮಿನ್ ಎಂಬ ಜೀವಸತ್ವವೂ ಇದೇ ವೇಳೆಗೆ ತೀರಿಹೋಗಿ ಮಿದುಳಿಗೆ ಅಪಾಯವುಂಟು. ಮೂತ್ರಪಿಂಡಗಳು ಉಪ್ಪುನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೈಕಾಲುಗಳು ಊದಿಕೊಂಡು, ಮೊದಲೇ ಸವೆದ ಹೃದಯದ ಮೇಲೆ ಭಾರವು ಬೀಳುತ್ತದೆ. ನಿಶ್ಶಕ್ತಿ, ಕೈಕಾಲು ಜೋಮು, ಬುದ್ಧಿಭ್ರಮೆ, ಸೆಳೆತ, ಉಸಿರಾಟದ ಸೋಲು, ಇವು ಲಕ್ಷಣಗಳು. ಸಾಮಾನ್ಯವಾಗಿ ಆಹಾರವನ್ನು ಪ್ರಾರಂಭಿಸಿದ ಮೊದಲ ಐದು ದಿನಗಳಲ್ಲಿ ಇವೆಲ್ಲ ಕಾಣಿಸಿಕೊಳ್ಳುತ್ತವೆ. ಏಕಾದಶಿಯ ಉಪವಾಸವನ್ನು ಮರುದಿನ ಮುರಿಯುವ ಆರೋಗ್ಯವಂತರು ಇದನ್ನೋದಿ ಹೆದರಬೇಕಾದ ಕಾರಣವಿಲ್ಲ. ಇದು ಬಹುದಿನಗಳ ನಿರಾಹಾರದ ಮಾತು.

ಎರಡನೆಯ ಮಹಾಯುದ್ಧವು ಈ ವಿಷಯವನ್ನು ವೈದ್ಯರ ಕಣ್ಣಮುಂದೆ ತಂದು ನಿಲ್ಲಿಸಿತು. 1945ನೆಯ ಏಪ್ರಿಲ್ 15ರಂದು ಬ್ರಿಟಿಷ್ ಸೈನ್ಯವು ಜರ್ಮನಿಯ ಬೆಲ್ಸೆನ್ ಬಂದೀಶಿಬಿರವನ್ನು ಹೊಕ್ಕಾಗ ಅಲ್ಲಿ ಸುಮಾರು 60,000 ಜನರಿದ್ದರು. ಬಿಡುಗಡೆಯಾದ ಮೇಲೆಯೂ ಅವರಲ್ಲಿ 13,000ಕ್ಕೂ ಹೆಚ್ಚು ಮಂದಿ ಸತ್ತರು. ಬಹುಮಂದಿಯನ್ನು ಕೊಂದುದು ಟೈಫಸ್ ಜ್ವರವೂ ಹಸಿವೂ. ಆದರೆ ಸೈನಿಕರು ಕನಿಕರದಿಂದ ಹಂಚಿದ ಜಿಡ್ಡಿನ ಡಬ್ಬಿಯ ಆಹಾರವೂ ಕೆಲವರಿಗೆ ಮುಳುವಾಯಿತು. ಆಮೇಲೆ ಅಲ್ಲಿಗೆ ತರಿಸಿದ ಪಥ್ಯಗಳಲ್ಲೊಂದು 1943ರ ಬಂಗಾಳದ ಕ್ಷಾಮದಲ್ಲಿ ಬಳಸಿದ್ದ ಮಿಶ್ರಣವೆಂಬುದು ಗಮನಾರ್ಹ. ಅತಿ ಸಿಹಿಯಾಗಿದ್ದುದರಿಂದ ಯೂರೋಪಿನ ಆ ರೋಗಿಗಳಿಗೆ ಅದು ಒಗ್ಗಲಿಲ್ಲ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು 1944-45ರಲ್ಲಿ ಯುದ್ಧಕ್ಕೆ ಹೋಗಲೊಪ್ಪದ 36 ತರುಣರನ್ನು, ಅವರ ಒಪ್ಪಿಗೆಯಿಂದಲೇ, ಆರು ತಿಂಗಳ ಕಾಲ ದಿನಕ್ಕೆ ಸುಮಾರು 1,570 ಕಿಲೋಕ್ಯಾಲೊರಿಗಳ ಅರೆಹೊಟ್ಟೆಯಲ್ಲಿಟ್ಟು, ಬಳಿಕ ಆಹಾರವನ್ನು ಹಿಂದಕ್ಕೆ ಕೊಡುವ ಬಗೆಯನ್ನು ಪರೀಕ್ಷಿಸಿದನು. ಅವರು ತಮ್ಮ ತೂಕದಲ್ಲಿ ಸುಮಾರು ಕಾಲುಭಾಗವನ್ನು ಕಳೆದುಕೊಂಡರು. ಈ 1,570 ಎಂಬ ಅಂಕಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಇಷ್ಟಾದರೂ ಫಾಸ್ಫೇಟಿನ ಮೇಲೆ ದೃಷ್ಟಿಯು ನೆಟ್ಟದ್ದು 1970ರ ದಶಕದಲ್ಲಿ, ಅದೂ ಕ್ಷಾಮದಿಂದಲ್ಲ, ಆಸ್ಪತ್ರೆಯಿಂದ. ಉಣ್ಣಲಾರದ ರೋಗಿಗಳಿಗೆ ರಕ್ತನಾಳದ ಮೂಲಕವೇ ಪೋಷಣೆಯನ್ನು ಕೊಡುವ ಕ್ರಮವು ಬಂದಾಗ, ಫಾಸ್ಫೇಟಿಲ್ಲದ ಗ್ಲೂಕೋಸು ದ್ರಾವಣಗಳನ್ನು ಪಡೆದವರಲ್ಲಿ ನಿಶ್ಶಕ್ತಿಯೂ ಸೆಳೆತವೂ ಕಾಣಿಸಿದವು. ಹೀಗೆ ಅತ್ಯುತ್ಸಾಹದ ಪೋಷಣೆಯಿಂದ ಸತ್ತ ಇಬ್ಬರು ಕೃಶರೋಗಿಗಳನ್ನು ಕುರಿತು 1981ರಲ್ಲಿ ವೈನ್ಸಿಯರ್ ಮತ್ತು ಕ್ರುಮ್ಡಿಕ್ ಎಂಬವರು ಬರೆದ ಲೇಖನವು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ.

ಚಿಕಿತ್ಸೆಯ ಮೂಲತತ್ತ್ವವು ಜೋಸೀಫಸನ ಕಾಲದ ಅನುಭವಿಗಳದೇ: ಸ್ವಲ್ಪಸ್ವಲ್ಪವಾಗಿ. ಬ್ರಿಟನ್ನಿನ ಆರೋಗ್ಯ ಸಂಸ್ಥೆಯೊಂದು 2006ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಹತ್ತು ದಿನಗಳಿಗಿಂತ ಹೆಚ್ಚು ಕಾಲ ಆಹಾರವಿಲ್ಲದವರೂ, ಬಯಸದೆ ಮೂರರಿಂದ ಆರು ತಿಂಗಳಲ್ಲಿ ತೂಕದ ನೂರಕ್ಕೆ 15ಕ್ಕಿಂತ ಹೆಚ್ಚು ಪಾಲನ್ನು ಕಳೆದುಕೊಂಡವರೂ, ಅತಿ ಕೃಶರೂ ಅಪಾಯದಲ್ಲಿರುವವರು. ಇಂಥವರಿಗೆ ಮೊದಲ ದಿನ ದೇಹದ ತೂಕದ ಒಂದೊಂದು ಕಿಲೋಗ್ರಾಮಿಗೆ 10 ಕಿಲೋಕ್ಯಾಲೊರಿಗಳನ್ನು ಮೀರಬಾರದು. ಅಂದರೆ 40 ಕಿಲೋಗ್ರಾಂ ತೂಗುವವನಿಗೆ 400. ಅಕ್ಕಿಯ ಲೆಕ್ಕದಲ್ಲಿ ಸುಮಾರು 115 ಗ್ರಾಂ. ತೀರ ಕಷ್ಟದ ಸ್ಥಿತಿಯಲ್ಲಿ ಅದರಲ್ಲೂ ಅರ್ಧ. ಪೂರ್ಣ ಆಹಾರಕ್ಕೆ ಬರಲು ನಾಲ್ಕರಿಂದ ಏಳು ದಿನಗಳು. ಉಣಿಸುವುದಕ್ಕೆ ಮೊದಲೇ ಥಯಮಿನ್ ಕೊಟ್ಟು, ಹತ್ತು ದಿನ ಮುಂದುವರಿಸಬೇಕು. 2020ರ ಅಮೆರಿಕದ ಸೂಚನೆಗಳು ಮೊದಲ ದಿನ 10ರಿಂದ 20ರವರೆಗೆ ಹೋಗಬಹುದೆನ್ನುತ್ತವೆ. ಅತಿ ನಿಧಾನವೂ ಹಸಿವಿನ ಮುಂದುವರಿಕೆಯೇ ಎಂಬ ವಾದವು ಸರಿಯಾದುದೆಂದು ತೋರುತ್ತದೆ. ರಕ್ತದ ಫಾಸ್ಫೇಟು, ಪೊಟ್ಯಾಸಿಯಂ, ಮ್ಯಾಗ್ನೀಸಿಯಂಗಳನ್ನು ಮೊದಲ ದಿನಗಳಲ್ಲಿ ಪದೇ ಪದೇ ಅಳೆಯಬೇಕು. ಇಳಿಕೆಯು ಅಲ್ಪವಾಗಿದ್ದರೆ ಹಾಲು ಅಥವಾ ಮಾತ್ರೆ ಸಾಕಾಗಬಹುದು. ತೀವ್ರವಾಗಿದ್ದರೆ ರಕ್ತನಾಳದ ಮೂಲಕ, ಗಂಟೆಗಟ್ಟಲೆ ನಿಧಾನವಾಗಿ ಕೊಡಬೇಕು. ಅವಸರಪಟ್ಟರೆ ರಕ್ತದ ಕ್ಯಾಲ್ಸಿಯಂ ಕುಸಿಯುತ್ತದೆ; ಮೂತ್ರಪಿಂಡದ ರೋಗಿಗಳಲ್ಲಿ ಈ ಅಪಾಯವು ಇನ್ನೂ ಹೆಚ್ಚು. ಇದು ಆಸ್ಪತ್ರೆಯಲ್ಲಿ ನಡೆಯತಕ್ಕ ಕೆಲಸವೇ ಹೊರತು ಮನೆಯಲ್ಲಲ್ಲ.

ಫಾಸ್ಫೇಟಿನ ಇಳಿಕೆಗೆ ಬೇರೆ ಕಾರಣಗಳೂ ಇವೆ: ಮದ್ಯದ ಚಟ, ಮಧುಮೇಹದ ವಿಷಮಾವಸ್ಥೆಯ ಚಿಕಿತ್ಸೆ, ಆಮ್ಲಶಾಮಕ ಔಷಧಿಗಳ ಅತಿ ಬಳಕೆ, 'ಡಿ' ಜೀವಸತ್ವದ ಕೊರತೆ, ವಂಶಪಾರಂಪರ್ಯವಾಗಿ ಬರುವ ಒಂದು ಬಗೆಯ ಅಸ್ಥಿರೋಗ. ಅವು ಈ ಲೇಖನದ ವ್ಯಾಪ್ತಿಗೆ ಹೊರಗು.

ನಮ್ಮ ವೈದ್ಯಪರಂಪರೆಯಲ್ಲಿ ಶೋಧನದ ಅನಂತರ ಪೇಯೆ, ವಿಲೇಪಿ ಎಂಬ ಗಂಜಿಗಳಿಂದ ಕ್ರಮವಾಗಿ ಊಟಕ್ಕೆ ಏರಿಸುವ ಸಂಸರ್ಜನಕ್ರಮವಿದೆ. ಇದನ್ನು ಹಿಡಿದು ನಮ್ಮವರು ಫಾಸ್ಫೇಟಿನ ವಿಷಯವನ್ನು ಆಗಲೇ ಬಲ್ಲವರಾಗಿದ್ದರೆಂದು ಹೇಳುವುದು ಅತಿರೇಕ. ಅಕ್ಕಿಯ ತೆಳುಗಂಜಿಯಲ್ಲಿ ಫಾಸ್ಫೇಟು ಹೆಚ್ಚೇನೂ ಇಲ್ಲ. ಅದು ಕಾಪಾಡಿದ್ದರೆ, ಅಲ್ಪವಾಗಿದ್ದುದರಿಂದ ಕಾಪಾಡಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯು ತೀರ ಸೊರಗಿದ ಮಕ್ಕಳಿಗೆ ಮೊದಲು ಕೊಡಿಸುವ ಮಿಶ್ರಣವು ಹಾಲನ್ನು ಆಧರಿಸಿದುದು. 100 ಮಿಲಿಲೀಟರಿಗೆ 75 ಕಿಲೋಕ್ಯಾಲೊರಿ ಮಾತ್ರ.

ಇನ್ನು ಮೈಸೂರಿನ ಮಾತು. 1876-78ರ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಈ ಸಂಸ್ಥಾನವು ಪಟ್ಟ ಪಾಡು ಜನಗಣತಿಯಿಂದಲೇ ತಿಳಿಯುತ್ತದೆ: 1871ರಲ್ಲಿ 50,55,412 ಇದ್ದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿದಿತ್ತು. ಪರಿಹಾರ ಶಿಬಿರಗಳನ್ನು ತಲಪಿದ ಮೇಲೆ ಸತ್ತವರಲ್ಲಿ ಎಷ್ಟು ಮಂದಿ ಮೇಲೆ ವಿವರಿಸಿದ ರೀತಿಯಲ್ಲಿ ಸತ್ತರು? ರಕ್ತದ ಫಾಸ್ಫೇಟನ್ನು ಅಳೆಯುವ ಸುಲಭ ವಿಧಾನವು ಹುಟ್ಟಲು ಇನ್ನೂ ಸುಮಾರು ಐವತ್ತು ವರ್ಷಗಳಿದ್ದವು. ಮದರಾಸಿನ ಶಿಬಿರದಲ್ಲಿ ಸತ್ತವರ ಶವಪರೀಕ್ಷೆಗಳನ್ನು ನಡೆಸಿ 1889ರಲ್ಲಿ ಗ್ರಂಥವನ್ನು ಪ್ರಕಟಿಸಿದ ಅಲೆಕ್ಸಾಂಡರ್ ಪೋರ್ಟರನಿಗೂ ಇದು ಕಾಣುವಂತಿರಲಿಲ್ಲ. ಏಕೆಂದರೆ ಈ ಬಗೆಯ ಮರಣವು ಶವದಲ್ಲಿ ತನ್ನದೇ ಆದ ಗುರುತನ್ನು ಬಿಡುವುದಿಲ್ಲ. ಮೇಲಾಗಿ ಕಾಲರಾ, ಅತಿಸಾರ, ಮಳೆ ಬಂದ ಮೇಲೆ ಹಬ್ಬಿದ ಮಲೇರಿಯಾ, ಇವು ಅದೇ ಶರೀರಗಳನ್ನು ಹೊಕ್ಕಿದ್ದವು. ಅನ್ನ ಸಿಕ್ಕ ಬಳಿಕ ಬಂದ ಸಾವೆಲ್ಲ ಅನ್ನದಿಂದ ಬಂದುದಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಹಸಿದವರಿಗೆ ಹೆಚ್ಚು ಕೊಟ್ಟರೆ ಅಪಾಯವೆಂಬ ಮಾತನ್ನು ಹಿಡಿದು, ಅಂದಿನ ಸರ್ಕಾರದ ಜಿಪುಣತನಕ್ಕೆ ಶಾಸ್ತ್ರದ ಹೊದಿಕೆಯನ್ನು ಹೊದಿಸುವುದು ಸುಲಭ. 1877ರಲ್ಲಿ ರಿಚರ್ಡ್ ಟೆಂಪಲ್ಲನು ಮದರಾಸು ಪ್ರಾಂತದ ಪರಿಹಾರ ಕಾಮಗಾರಿಗಳಲ್ಲಿ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆಗೂ ಮೇಲಿಷ್ಟು ಚಿಲ್ಲರೆಗೂ ಇಳಿಸಿದನು. ಅಲ್ಲಿನ ಆರೋಗ್ಯಾಧಿಕಾರಿಯಾಗಿದ್ದ ಕಾರ್ನಿಷನು ಇದನ್ನು ಬಲವಾಗಿ ವಿರೋಧಿಸಿದನು. ಕೆಲವು ತಿಂಗಳ ಬಳಿಕ ಪ್ರಮಾಣವನ್ನು ಏರಿಸಬೇಕಾಯಿತು. ಒಂದು ಪೌಂಡು ಧಾನ್ಯವೆಂದರೆ ಸುಮಾರು 450 ಗ್ರಾಂ. ಶಕ್ತಿಯ ಲೆಕ್ಕದಲ್ಲಿ ಹೆಚ್ಚುಕಡಮೆ 1,550 ಕಿಲೋಕ್ಯಾಲೊರಿ. ಮಿನೆಸೋಟದಲ್ಲಿ ಕೀಸನು ತರುಣರನ್ನು ಹಸಿವಿನಲ್ಲಿಡುವುದಕ್ಕಾಗಿಯೇ ಗೊತ್ತುಮಾಡಿದ ಪ್ರಮಾಣವೂ ಬಹುತೇಕ ಇದೇ. ನಮ್ಮವರ ಮೈಕಟ್ಟು ಚಿಕ್ಕದೆಂದು ಸ್ವಲ್ಪ ಕಳೆದರೂ, ಕಾಮಗಾರಿಯ ದುಡಿಮೆಯನ್ನು ಕೂಡಿಸಿಕೊಂಡರೆ ಲೆಕ್ಕವು ಮತ್ತೆ ಅಲ್ಲಿಗೇ ಬರುತ್ತದೆ. ಎಚ್ಚರದಿಂದ ಕಡಿಮೆ ಕೊಡುವುದು ಮೊದಲ ವಾರದ ಚಿಕಿತ್ಸೆ. ತಿಂಗಳುಗಟ್ಟಲೆ ಕಡಿಮೆ ಕೊಡುವುದು ಬೇರೆಯೇ ಕೆಲಸ.

ಈ ಕಾಲದ ಮೇಲೆ ಸಂಶೋಧನೆಗೆ ಇಳಿಯುವ ವಿದ್ಯಾರ್ಥಿಗೆ ಯಾವುದಾದರೂ ಶಿಬಿರದ ಕಡತವು ಕೈಗೆ ಸಿಕ್ಕಿದರೆ, ಒಟ್ಟು ಮರಣಸಂಖ್ಯೆಯನ್ನಷ್ಟೇ ಬರೆದುಕೊಂಡು ಬರಬಾರದು. ಸೇರಿದ ದಿನಕ್ಕೂ ಸತ್ತ ದಿನಕ್ಕೂ ನಡುವಣ ಅಂತರ, ಮೊದಲ ವಾರದಲ್ಲಿ ಬಡಿಸಿದ್ದೇನು, ಎಷ್ಟು, ಮೈಯೂತದ ಉಲ್ಲೇಖವಿದೆಯೇ, ಜ್ವರ ಭೇದಿಗಳ ಉಲ್ಲೇಖವಿಲ್ಲದೆಯೇ ಹಠಾತ್ತಾಗಿ ಸತ್ತವರೆಷ್ಟು ಮಂದಿ, ಇವನ್ನು ಬೇರೆಬೇರೆಯಾಗಿ ಗುರುತುಮಾಡಿಕೊಳ್ಳಬೇಕು.