ಮುಖದ ಕೂದಲಿಗೆ ವಿದ್ಯುತ್ ಸೂಜಿ: ಯಾರ ಕೈಗೆ ಮುಖ ಒಪ್ಪಿಸಬೇಕು?

ಪ್ರಶ್ನೆ ಕೇಳಿದ ಕೂಡಲೇ ಕೈಯೆತ್ತುತ್ತಿದ್ದ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಕರವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದು ಕೂರತೊಡಗಿದಳು. ಹಲ್ಲುನೋವೇ ಎಂದು ಕೇಳಿದರೆ ತಲೆ ತಗ್ಗಿಸಿದಳು. ವಾರದ ನಂತರ ಅವಳ ತಾಯಿ ಬಂದು ವಿಷಯ ತಿಳಿಸಿದರು. ತುಟಿಯ ಮೇಲೆ, ಗದ್ದದ ಮೇಲೆ ಕೂದಲು ಬೆಳೆಯುತ್ತಿದೆ; ಹುಡುಗರು ಆಡಿಕೊಳ್ಳುತ್ತಾರೆ; ಶಾಲೆಗೇ ಹೋಗುವುದಿಲ್ಲ ಎನ್ನುತ್ತಾಳೆ. ‘ಕರೆಂಟ್ ಕೊಟ್ಟು ಬೇರುಸಹಿತ ತೆಗೀತಾರಂತೆ ಸಾರ್. ಮಾಡಿಸಬಹುದಾ? ಯಾರ ಹತ್ತಿರ ಹೋಗೋದು?’

ಇದು ಒಬ್ಬಳ ಕಥೆಯಲ್ಲ. 2024ರಲ್ಲಿ ಉತ್ತರ ಪ್ರದೇಶದ ಹತ್ತನೆಯ ತರಗತಿ ಪರೀಕ್ಷೆಯಲ್ಲಿ ರಾಜ್ಯಕ್ಕೇ ಪ್ರಥಮಳಾದ ಬಾಲಕಿಯ ಭಾವಚಿತ್ರ ಪ್ರಕಟವಾದಾಗ, ಸಾಮಾಜಿಕ ಜಾಲತಾಣಗಳಲ್ಲಿ ಹಲವರು ಅವಳ ಅಂಕ ನೋಡಲಿಲ್ಲ, ಮುಖದ ಕೂದಲು ನೋಡಿದರು. ಹೀಗಿರುವಾಗ ತಂದೆತಾಯಂದಿರು ಅವಸರಪಡುವುದು ಸಹಜ. ಆದರೆ ಅವಸರದಲ್ಲಿ ಆರಿಸಿದ ಕೈ ಮುಖದ ಮೇಲೆ ಶಾಶ್ವತ ಕಲೆ ಉಳಿಸಬಲ್ಲದು.

ಮೊದಲು ವೈದ್ಯರು

ಕೂದಲು ವಂಶದಿಂದಲೂ ಬರುತ್ತದೆ, ಅದು ರೋಗವಲ್ಲ. ಆದರೆ ಒಮ್ಮೆಲೇ ದಪ್ಪ ಕೂದಲು ಕಾಣಿಸಿಕೊಂಡರೆ, ಜೊತೆಗೆ ಮುಟ್ಟು ಏರುಪೇರಾದರೆ, ಮೊಡವೆ ಅತಿಯಾದರೆ ಪಿಸಿಓಎಸ್‌ನಂಥ ಹಾರ್ಮೋನು ತೊಂದರೆ ಇರಬಹುದು. ಅದನ್ನು ಬಿಟ್ಟು ಬರೀ ಕೂದಲು ತೆಗೆಸುವುದೆಂದರೆ, ಒಲೆ ಆರಿಸದೆ ಉಕ್ಕಿದ ಹಾಲನ್ನು ಒರೆಸಿದಂತೆ. ಹೊಸ ಕೂದಲು ಬರುತ್ತಲೇ ಇರುತ್ತದೆ.

ಸೂಜಿ ಮಾಡುವ ಕೆಲಸ

ಈ ಕ್ರಮ ಹೊಸದಲ್ಲ. ಅಮೆರಿಕದ ಸೇಂಟ್ ಲೂಯಿಸ್ ನಗರದ ಕಣ್ಣಿನ ವೈದ್ಯ ಚಾರ್ಲ್ಸ್ ಮೈಕೆಲ್, ಒಳಮುಖವಾಗಿ ಬೆಳೆದು ಕಣ್ಣನ್ನು ಚುಚ್ಚುವ ರೆಪ್ಪೆಗೂದಲನ್ನು ವಿದ್ಯುತ್ತಿನಿಂದ ನಾಶಪಡಿಸುವ ವಿಧಾನವನ್ನು 1875ರಲ್ಲೇ ಪ್ರಕಟಿಸಿದರು. ತತ್ವ ವಿದ್ಯಾರ್ಥಿಗಳಿಗೆ ಗೊತ್ತಿರುವುದೇ. ಉಪ್ಪುನೀರಿನಲ್ಲಿ ಡಿ.ಸಿ. ವಿದ್ಯುತ್ ಹರಿಸಿದರೆ ಕ್ಯಾಥೋಡಿನ ಬಳಿ ಸೋಡಿಯಂ ಹೈಡ್ರಾಕ್ಸೈಡ್ ಉಂಟಾಗುತ್ತದೆ. ಕೂದಲು ಹುಟ್ಟುವ ರೋಮಕೂಪದಲ್ಲೂ ಲವಣಯುಕ್ತ ದ್ರವವಿದೆ. ಕೂದಲೆಳೆಯಷ್ಟೇ ತೆಳುವಾದ ಸೂಜಿಯನ್ನು ಕ್ಯಾಥೋಡ್ ಮಾಡಿ ಅದರೊಳಗೆ ಇಳಿಸಿದರೆ, ಅಲ್ಲೇ ತಯಾರಾಗುವ ಕ್ಷಾರ ಕೂದಲಿನ ಬೇರನ್ನು ನಾಶಪಡಿಸುತ್ತದೆ. ಇನ್ನೊಂದು ವಿಧಾನದಲ್ಲಿ ಅಧಿಕ ಆವರ್ತನದ ವಿದ್ಯುತ್ತಿನ ಶಾಖ ಈ ಕೆಲಸ ಮಾಡುತ್ತದೆ. ಎರಡನ್ನೂ ಬೆರೆಸುವ ಮೂರನೆಯ ವಿಧಾನವೂ ಉಂಟು.

ಲೇಸರ್ ಬೇರೆ. ಅದರ ಬೆಳಕನ್ನು ಹೀರುವುದು ಕೂದಲಿನ ಕಪ್ಪು ಬಣ್ಣ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಚರ್ಮವೂ ಆ ಬೆಳಕನ್ನು ಹೀರುವುದರಿಂದ ಅಲ್ಲಿಯೂ ಎಚ್ಚರ ಬೇಕು. ಸೂಜಿಗೆ ಬಣ್ಣದ ಹಂಗಿಲ್ಲ. ಆದರೆ ಒಂದೊಂದೇ ಕೂದಲು ತೆಗೆಯಬೇಕಾದ್ದರಿಂದ ಎಲ್ಲವೂ ಕೈಚಳಕವನ್ನು ಅವಲಂಬಿಸಿದೆ. ಸೂಜಿ ಕಡಿಮೆ ಇಳಿದರೆ ಚರ್ಮ ಸುಡುತ್ತದೆ. ಅಡ್ಡ ಹೋದರೆ ಬೇರು ಉಳಿಯುತ್ತದೆ. ನನ್ನ ಬಂಧುವೊಬ್ಬರ ಗದ್ದದ ಮೇಲೆ ಹೀಗೆ ಆದ ಸಣ್ಣ ಗುಳಿಗಳು ಇಂದಿಗೂ ಇವೆ. ಮಾಡಿದ್ದು ಒಂದು ಬ್ಯೂಟಿ ಪಾರ್ಲರ್; ತರಬೇತಿ ಎಲ್ಲಿ ಆಯಿತೆಂದು ಯಾರೂ ಕೇಳಿರಲಿಲ್ಲ.

ಕೇಳಬೇಕಾದ ಪ್ರಶ್ನೆಗಳು

ಅಮೆರಿಕದ ಹಲವು ರಾಜ್ಯಗಳಲ್ಲಿ ಈ ಕೆಲಸಕ್ಕೆ ಪರವಾನಗಿ ಬೇಕು. ಇಲ್ಲಿ ನಾವೇ ವಿಚಾರಿಸಿಕೊಳ್ಳಬೇಕು. ಚರ್ಮವೈದ್ಯರ ಚಿಕಿತ್ಸಾಲಯವಾದರೆ ವೈದ್ಯರ ನೋಂದಣಿ ನೋಡಿ. ಆದರೆ ಸೂಜಿ ಹಿಡಿಯುವವರು ಅವರೋ, ಸಹಾಯಕರೋ ಎಂಬುದನ್ನೂ ಕೇಳಿ. ಎಲ್ಲಿ ಕಲಿತರು, ಎಷ್ಟು ವರ್ಷದಿಂದ ಮಾಡುತ್ತಿದ್ದಾರೆ ಎಂದು ಕೇಳಲು ಸಂಕೋಚ ಬೇಡ. ಅವರಲ್ಲಿ ಚಿಕಿತ್ಸೆ ಮುಗಿಸಿದವರನ್ನು ಭೇಟಿಯಾಗಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಸೂಜಿ ಪ್ರತಿಯೊಬ್ಬರಿಗೂ ಹೊಸದಾಗಿರಬೇಕು, ಪೊಟ್ಟಣವನ್ನು ನಿಮ್ಮೆದುರೇ ಒಡೆಯಬೇಕು. ಒಬ್ಬರ ಸೂಜಿ ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್‌ನಂಥ ರೋಗಗಳು ಹರಡಬಹುದು. ಕೈಗವಸು, ಒಳ್ಳೆಯ ಬೆಳಕು, ಭೂತಗನ್ನಡಿ ಇವೆಯೇ ನೋಡಿ. ಗಾಯ ಉಬ್ಬಿ ಗಂಟಾಗುವ ಗುಣ ಮನೆಯಲ್ಲಿ ಯಾರಿಗಾದರೂ ಇದೆಯೇ, ಈಗ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ ಎಂದು ಅವರೇ ಕೇಳಬೇಕು. ಕೇಳದವರಲ್ಲಿ ಮುಂದುವರಿಯಬೇಡಿ.

ಮೊದಲ ದಿನ ಕೆಲವೇ ಕೂದಲು ತೆಗೆಸಿ, ಕೆಲವು ವಾರ ಕಾದು ನೋಡಿ. ವಿದ್ಯುತ್ ಹರಿದ ಮೇಲೆ ಕೂದಲು ಬೆಣ್ಣೆಯಿಂದ ಎಳೆದಂತೆ ಜಾರಿ ಬರಬೇಕು. ಪ್ರತಿ ಬಾರಿಯೂ ಚುರ್ರೆಂದು ಕಿತ್ತ ಅನುಭವವಾದರೆ ಬೇರು ಸತ್ತಿಲ್ಲ. ಅದು ಚಿಮಟದಿಂದ ಕಿತ್ತಂತೆಯೇ. ಸ್ವಲ್ಪ ನೋವು, ಒಂದೆರಡು ದಿನದ ಕೆಂಪು, ಸಣ್ಣ ಹೊಪ್ಪಳೆ ಸಹಜ. ಕೀವು, ಗುಳಿ, ತಿಂಗಳಾದರೂ ಮಾಸದ ಕಪ್ಪು ಕಲೆ ಸಹಜವಲ್ಲ. ಅಂಥದ್ದು ಕಂಡರೆ ಅಲ್ಲಿಗೇ ನಿಲ್ಲಿಸಿ ಚರ್ಮವೈದ್ಯರಿಗೆ ತೋರಿಸಿ.

‘ಎರಡೇ ಸಲ ಬನ್ನಿ, ಪೂರ್ತಿ ಹೋಗುತ್ತದೆ’ ಎನ್ನುವವರನ್ನು ನಂಬಬೇಡಿ. ಎಲ್ಲ ಕೂದಲೂ ಒಟ್ಟಿಗೆ ಬೆಳೆಯುವುದಿಲ್ಲ. ಕೆಲವು ಬೆಳೆಯುತ್ತಿರುವಾಗ ಕೆಲವು ವಿಶ್ರಾಂತಿಯಲ್ಲಿರುತ್ತವೆ. ಹಾಗಾಗಿ ಮುಖದ ಕೆಲಸ ವರ್ಷ ದಾಟುವುದು ಸಾಮಾನ್ಯ. ಒಟ್ಟು ಹಣವನ್ನು ಮುಂಗಡ ಕಟ್ಟದೆ, ಆಯಾ ದಿನದ್ದನ್ನು ಆಯಾ ದಿನ ಕೊಡುವುದೇ ಕ್ಷೇಮ. ನಡುವೆ ದಾರದಿಂದ ಕೀಳಿಸಬಾರದು, ಸೂಜಿಗೆ ಕೂದಲೇ ದಾರಿ. ಕತ್ತರಿಸಬಹುದು, ಬೋಳಿಸಲೂಬಹುದು. ಬೋಳಿಸಿದರೆ ದಪ್ಪಗೆ ಬೆಳೆಯುತ್ತದೆಂಬುದು ತಪ್ಪು ತಿಳಿವಳಿಕೆ.

ಆ ತಾಯಿಗೆ ಇಷ್ಟನ್ನೂ ಹೇಳಿದೆ. ಅವರು ಮಗಳನ್ನು ಮೊದಲು ವೈದ್ಯರ ಬಳಿ ಕರೆದೊಯ್ದರು. ಸೂಜಿಯ ಮಾತು ಪರೀಕ್ಷೆ ಮುಗಿದ ಮೇಲೆ ಎಂದು ಮಗಳೇ ತೀರ್ಮಾನಿಸಿದಳಂತೆ. ಅದೇ ಸರಿ. ಮಾಡಿಸುವುದೋ ಬಿಡುವುದೋ, ಮುಖ ಅವಳದು. ನಿರ್ಧಾರದಲ್ಲಿ ಅವಳ ಮಾತು ಮೊದಲಿರಲಿ. ನನ್ನ ಪಾಲಿನ ಕೆಲಸ ತರಗತಿಯಲ್ಲಿತ್ತು. ಯಾರ ಹೆಸರನ್ನೂ ಎತ್ತದೆ ಹಾರ್ಮೋನುಗಳ ಪಾಠವನ್ನು ಮತ್ತೊಮ್ಮೆ ಮಾಡಿದೆ. ಹುಡುಗರಿಗೆ ಮೀಸೆ ಮೂಡಿಸುವ ಹಾರ್ಮೋನು ಹುಡುಗಿಯರ ದೇಹದಲ್ಲೂ ಸ್ವಲ್ಪ ಇರುತ್ತದೆ ಎಂದಾಗ ಹಿಂದಿನ ಬೆಂಚಿನ ನಗು ನಿಂತಿತು.